ನೀಲಿ ಪದರದ ಹಠ

ಡಾಕ್ಟರ್ ಐರಿನ್ ಲೋಬೊ ತಾನು ಹೊಸದಾಗಿ ತಯಾರಿಸಿದ ಉಪಕರಣವನ್ನು ಮೊದಲು ಉಕ್ಕಿನ ಮೇಜಿಗೆ ಹಿಡಿದಳು. ಸೊನ್ನೆ. ಕುಂಡದಲ್ಲಿದ್ದ ಕರಿಬೇವಿನ ಗಿಡಕ್ಕೆ ಹಿಡಿದಳು. ಅರವತ್ತೊಂದು. ನಿಲ್ದಾಣದ ಮುಖ್ಯಸ್ಥ ಕುಟ್ಟಪ್ಪನವರು ತಮ್ಮ ಅಂಗೈಯನ್ನೇ ಮುಂದೆ ಚಾಚಿದರು. ಎಂಬತ್ತೆಂಟು.

“ಬರೀ ಎಂಬತ್ತೆಂಟಾ? ನನ್ನ ಹೆಂಡತಿ ಇದ್ದಿದ್ರೆ ನೂರು ದಾಟಿದೆ ಅಂತಿದ್ಳು” ಎಂದರು. ಊಟಕ್ಕೆ ಕೂತಿದ್ದವರೆಲ್ಲ ನಕ್ಕರು. ಆ ಅಳತೆಗೆ ಐರಿನ್ ಇಟ್ಟ ಹೆಸರೇ ಹಠ.

ಉಪಕರಣದ ಹೆಸರು ಜೀವಮಾಪಕ. ಅದರ ತತ್ವ ಬಹಳ ಸರಳ. ವಸ್ತುವಿಗೆ ಸೂಜಿಮೊನೆಯಷ್ಟು ಶಾಖ ಮುಟ್ಟಿಸಿ ಏನಾಗುತ್ತದೆಂದು ಅದು ನೋಡುತ್ತದೆ. ಕಲ್ಲಾದರೆ ಶಾಖ ತನ್ನ ಪಾಡಿಗೆ ಹರಡಿಹೋಗುತ್ತದೆ. ಜೀವವಿರುವುದು ಹಾಗೆ ಸುಮ್ಮನೆ ಬಿಡುವುದಿಲ್ಲ. ಮೊದಲು ಹೇಗಿತ್ತೋ ಹಾಗೆಯೇ ಇರಲು ಒದ್ದಾಡುತ್ತದೆ. ಆ ಒದ್ದಾಟಕ್ಕೆ ಸೊನ್ನೆಯಿಂದ ನೂರರವರೆಗೆ ಒಂದು ಅಂಕಿ. ಜೀವ ಎಂದರೇನು ಎಂದು ಸಾವಿರಾರು ಪುಟ ಬರೆದವರಿದ್ದಾರೆ. ಐರಿನ್‌ಗೆ ಅದೆಲ್ಲ ತಲೆನೋವು. ಕಣ್ಣಿಗೆ ಕಾಣುವ ಒಂದು ಅಂಕಿ ಸಿಕ್ಕಿದರೆ ಅವಳಿಗೆ ಸಾಕಿತ್ತು.

ಇದೆಲ್ಲ ನಡೆದದ್ದು ಗುರುಗ್ರಹದ ಚಂದ್ರಗಳಲ್ಲೊಂದಾದ ಯೂರೋಪಾದಲ್ಲಿ. ಹೆಪ್ಪುಗಟ್ಟಿದ ಸಮುದ್ರದೊಳಗೆ ಸುರಂಗ ಕೊರೆದು ಒಂಬತ್ತು ಜನ ಅಲ್ಲಿ ಸಂಸಾರ ಹೂಡಿದ್ದರು. ಸುತ್ತಲಿನ ಮಂಜುಗಡ್ಡೆಯನ್ನು ಕರಗಿಸಿ ಕುಡಿಯುವುದು, ಮಿಕ್ಕ ನೀರನ್ನು ವಿದ್ಯುತ್ತಿನಿಂದ ಒಡೆದು ಬಂದುಹೋಗುವ ನೌಕೆಗಳಿಗೆ ಇಂಧನ ಮಾಡಿಕೊಡುವುದು, ಇದು ಆರು ವರ್ಷದಿಂದ ನಡೆದಿತ್ತು. ಸುರಂಗದ ಪಕ್ಕದಲ್ಲೇ ಇದ್ದ ನೀಲಿ ಪದರದ ಮಂಜುಗಡ್ಡೆ ಬೇಗ ಕರಗುತ್ತದೆಂದು ಅದನ್ನೇ ಕಡಿಯುತ್ತಿದ್ದರು.

ಕರಗಿಸುವ ಕೆಲಸ ಭರತೇಶ ಚೌಗಲೆಯದು. ಅಥಣಿ ಕಡೆಯ ಜೈನರವನು. ಅವತ್ತು ಗಡ್ಡೆಯ ತುಂಡೊಂದನ್ನು ತಟ್ಟೆಯಲ್ಲಿಟ್ಟುಕೊಂಡು ಬಂದು, “ಮೇಡಂ, ಇದನ್ನೂ ಒಂದೀಟ ನೋಡ್ರಿ” ಎಂದ.

ಮೂವತ್ತನಾಲ್ಕು.

ಐರಿನ್ ಉಪಕರಣವನ್ನು ಆರಿಸಿ ಮತ್ತೆ ಹಚ್ಚಿದಳು. ಮೂವತ್ತನಾಲ್ಕೇ. ಮೇಜಿನ ಸುತ್ತ ನಗು ನಿಂತುಹೋಯಿತು. ಅಡುಗೆಮನೆಯ ಬೆಚ್ಚನೆಗೆ ತುಂಡು ಕರಗುತ್ತ ಹೋದಂತೆ ಅಂಕಿ ಇಪ್ಪತ್ತಾಯಿತು, ಒಂಬತ್ತಾಯಿತು. ನಾಲ್ಕೇ ನಿಮಿಷದಲ್ಲಿ ತಟ್ಟೆಯಲ್ಲಿ ಬರೀ ನೀರು, ಉಪಕರಣದಲ್ಲಿ ಸೊನ್ನೆ.

ಭರತೇಶ ಮಾತ್ರ ಅಷ್ಟೇನೂ ಗಾಬರಿಯಾಗಲಿಲ್ಲ. ಅವನ ಮನೆಯಲ್ಲಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸದೆ ಯಾರೂ ಮುಟ್ಟುತ್ತಿರಲಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಅದರಲ್ಲಿ ಸಿಕ್ಕ ಸಣ್ಣ ಜೀವಗಳನ್ನು ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಬಿಡಬೇಕು. ಯೂರೋಪಾದಲ್ಲೂ ಅವನು ದಿನಾ ಹೀಗೇ ಮಾಡುತ್ತಿದ್ದ. ಉಳಿದವರು ತಮಾಷೆ ಮಾಡಿದರೂ ತಲೆ ಕೆಡಿಸಿಕೊಳ್ಳದೆ, ಬಟ್ಟೆ ತೊಳೆದ ನೀರನ್ನು ನೀಲಿ ಪದರದಲ್ಲೇ ಒಂದು ಗುಂಡಿ ತೋಡಿ ಸುರಿದು ಬರುತ್ತಿದ್ದ.

“ಒಂದ್ ದಿನಾನೂ ತಪ್ಪಿಸಿಲ್ರಿ, ಅವ್ವ ಹೇಳಿಕೊಟ್ಟಂಗ ಮಾಡೇನಿ. ಎಲ್ಲಾ ಅಲ್ಲೇ ಅದಾವ. ಬರ್ರಿ, ತೋರಸ್ತೀನಿ” ಎಂದ.

ಇಬ್ಬರೂ ಬಾಹ್ಯಾಕಾಶದ ಉಡುಪು ತೊಟ್ಟು ಹೋದರು. ಗುಂಡಿಯ ನೀರು ಗಟ್ಟಿಯಾಗಿ ಆರು ವರ್ಷದ ಗಡ್ಡೆಯಾಗಿತ್ತು. ಐರಿನ್ ಮೂರು ಕಡೆ ಅಳೆದಳು. ಮೂರು ಕಡೆಯೂ ಸೊನ್ನೆ.

“ಎಂತ ಹೇಳುವುದು ಭರತೇಶ್ರೇ, ಇದು ಸೋಸಿದರೆ ಸಿಗುವಂಥದ್ದಲ್ಲ ಮಾರಾಯ್ರೆ” ಎಂದಳು. “ಗಡ್ಡೆಯೊಳಗೆ ಕೂದಲಿಗಿಂತ ಸಪೂರದ ಉಪ್ಪುನೀರಿನ ದಾರಿಗಳುಂಟು. ಆ ದಾರಿಗಳೆಲ್ಲ ಸೇರಿಯೇ ಒಂದು ಜೀವ. ಈ ಇಡೀ ಪದರ ಒಂದೇ ಜೀವ ಇರಬೇಕು. ಕರಗಿದರೆ ಆ ದಾರಿಗಳೂ ಇಲ್ಲ, ಜೀವವೂ ಇಲ್ಲ.”

ಭರತೇಶ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದ. “ಹಂಗಾದ್ರ ಇಷ್ಟ್ ದಿನ ನಾ ಕೊಂದದ್ದನ್ನ ನಾನೇ ತಂದು ಇಲ್ಲಿ ಹುಗೀಲಿಕ್ಕತ್ತಿದ್ದೆ” ಎಂದ. ಐರಿನ್ ಉಪಕರಣವನ್ನು ಆರಿಸಿ ಚೀಲಕ್ಕೆ ಹಾಕಿದಳು.

ಜೀವ ಕಂಡ ಕಡೆ ಕೆಲಸ ಅದೇ ಕ್ಷಣ ನಿಲ್ಲಬೇಕೆಂದು ಎಲ್ಲ ದೇಶಗಳೂ ಸಹಿ ಮಾಡಿದ ಕಾನೂನಿತ್ತು. ಅದಕ್ಕೆ ವಿನಾಯಿತಿ ಇರಲಿಲ್ಲ. ಆದರೆ ಮೂರು ವಾರದಲ್ಲಿ ಶನಿಯ ಕಡೆಯಿಂದ ಒಂದು ನೌಕೆ ಬರುವುದಿತ್ತು. ಅದರಲ್ಲಿ ಇಪ್ಪತ್ತೆರಡು ಜನ. ಇಲ್ಲಿ ಇಂಧನ ಸಿಗದಿದ್ದರೆ ಅವರು ಭೂಮಿ ಸೇರುವಂತಿರಲಿಲ್ಲ. ಮೂರು ಕಿಲೋಮೀಟರ್ ಆಚೆ ಬೂದು ಬಣ್ಣದ ಪದರವೊಂದಿತ್ತು, ಅದರ ಅಳತೆ ಸೊನ್ನೆಯೇ. ಯಂತ್ರವನ್ನು ಬಿಚ್ಚಿ ಅಲ್ಲಿಗೆ ಸಾಗಿಸಿ ಜೋಡಿಸಲು ಮಾತ್ರ ನಾಲ್ಕು ತಿಂಗಳು ಬೇಕು.

“ಎಷ್ಟರ ಮೇಲಿದ್ರೆ ಜೀವ ಅನ್ನೋದನ್ನ ನೀವಿನ್ನೂ ಬರೆದುಕೊಟ್ಟಿಲ್ಲ, ಡಾಕ್ಟರ್” ಎಂದರು ಕುಟ್ಟಪ್ಪ. ಅವರ ಮುಖವೂ ಬಾಡಿತ್ತು. “ಈ ಒಂದು ನೌಕೆಗೆ ಮಾತ್ರ. ಆಮೇಲೆ ತಿದ್ದಿದರಾಯ್ತು.”

ಐರಿನ್ ಎರಡು ದಿನ ನೀಲಿ ಪದರವನ್ನು ಮತ್ತೆ ಮತ್ತೆ ಅಳೆದಳು. ಮೂರನೆಯ ದಿನ, ನಲವತ್ತರ ಮೇಲಿದ್ದರೆ ಮಾತ್ರ ಜೀವ ಎಂದು ಬರೆದು ಸಹಿ ಮಾಡಿ ಭೂಮಿಗೆ ಕಳಿಸಿದಳು. ಭರತೇಶ ಯಂತ್ರ ನಡೆಸಿದ. ನೌಕೆಯ ಇಪ್ಪತ್ತೆರಡು ಜನರೂ ಬದುಕಿಕೊಂಡರು.

ಅವತ್ತಿನಿಂದ ಭರತೇಶ ನೀಲಿ ಪದರದ ನೀರು ಕುಡಿಯಲಿಲ್ಲ. ಮೂರು ದಿನಕ್ಕೊಮ್ಮೆ ಬೂದು ಪದರದವರೆಗೆ ನಡೆದು ತನಗೆ ಬೇಕಾದಷ್ಟು ಗಡ್ಡೆ ಎಳೆದು ತರುತ್ತಿದ್ದ. ಮೊದಲು ನಗುತ್ತಿದ್ದವರಲ್ಲಿ ನಾಲ್ವರು ಈಗ ಲೋಟ ಹಿಡಿದು ಅವನ ಬಳಿಗೇ ಬರತೊಡಗಿದರು. ಅವನು ಯಾರಿಗೂ ಇಲ್ಲ ಅನ್ನಲಿಲ್ಲ, ಎತ್ತಿ ಆಡಲೂ ಇಲ್ಲ.

ನೌಕೆ ಹೊರಟ ದಿನವೇ ಐರಿನ್ ನಲವತ್ತನ್ನು ಹಿಂದಕ್ಕೆ ಪಡೆಯುವುದಾಗಿ ಭೂಮಿಗೆ ಬರೆದಿದ್ದಳು. ಒಮ್ಮೆ ಒಪ್ಪಿದ ಮಾನದಂಡವನ್ನು ಬದಲಿಸಲು ಸಮಿತಿ ಸೇರಬೇಕು ಎಂಬ ಉತ್ತರ ಬಂತು. ಸಮಿತಿ ಸೇರಲಿಲ್ಲ, ಯಂತ್ರ ಸ್ಥಳಾಂತರಿಸಲು ಅಪ್ಪಣೆಯೂ ಬರಲಿಲ್ಲ. ನಿಯಮದ ಪ್ರಕಾರ ನಿರ್ಜೀವವಾದ ಗಡ್ಡೆಯನ್ನು ಬಿಟ್ಟು ಅಷ್ಟು ದೂರ ಹೋಗುವುದೇಕೆ ಎಂಬುದು ಭೂಮಿಯವರ ಪ್ರಶ್ನೆ. ಅತ್ತ ಭೂಮಿಯ ಕಾರ್ಖಾನೆಗಳಲ್ಲಿ ಜೀವಮಾಪಕಗಳು ಸಾವಿರಗಟ್ಟಲೆ ತಯಾರಾಗಿ ಮಾರಾಟಕ್ಕೆ ಬಂದವು. ಎರಡು ವರ್ಷದಲ್ಲಿ ನೀಲಿ ಪದರದ ಹಠ ಹತ್ತೊಂಬತ್ತಕ್ಕೆ ಇಳಿಯಿತು. ಐರಿನ್ ಪ್ರತಿವಾರ ಹೋಗಿ ಅಳೆಯುತ್ತಿದ್ದಳು. ರೋಗಿಯ ನಾಡಿ ಹಿಡಿದು ಏನೂ ಮಾಡಲಾಗದೆ ಕೂತಂತೆ ಅವಳ ಸ್ಥಿತಿ.

ಆಗ ಭೂಮಿಯ ನಗರವೊಂದರ ಅಧಿಕಾರಿಯಿಂದ ಅವಳಿಗೆ ಪತ್ರ ಬಂತು. ಬಹಳ ವಿನಯದ ಪತ್ರ. ನಗರದ ಹನ್ನೊಂದು ಕೆರೆಗಳನ್ನು ಜೀವಮಾಪಕದಿಂದ ಪರೀಕ್ಷಿಸಲಾಗಿದೆ. ಎಲ್ಲವೂ ನಲವತ್ತಕ್ಕಿಂತ ಕೆಳಗಿವೆ. ಆದ್ದರಿಂದ ಅವು ನಿರ್ಜೀವವೆಂದು ಪ್ರಮಾಣಪತ್ರ ಪಡೆದು, ಮಣ್ಣು ತುಂಬಿಸಿ ನಿವೇಶನ ಮಾಡಲು ಅನುಕೂಲವಾಗಿದೆ. ನಾಗರಿಕರ ಪರವಾಗಿ ತಮಗೆ ಧನ್ಯವಾದ. ಕೊನೆಯಲ್ಲಿ ಒಂದು ಸಣ್ಣ ಕೋರಿಕೆಯಿತ್ತು: ನಲವತ್ತು ಎಂಬುದನ್ನು ಯಾವ ಪ್ರಯೋಗದ ಆಧಾರದ ಮೇಲೆ ನಿಗದಿಪಡಿಸಲಾಯಿತು ಎಂಬುದನ್ನು ಕಡತಕ್ಕಾಗಿ ದಯವಿಟ್ಟು ತಿಳಿಸುವುದು.

ಐರಿನ್ ಅದನ್ನು ಭರತೇಶನಿಗೆ ಓದಿ ಹೇಳಿದಳು. “ಈಗ ಎಂತ ಬರೆಯುವುದು?”

“ಇದ್ದದ್ದು ಇದ್ದಂಗ ಬರೀರಿ” ಎಂದ ಅವನು.

ಅವಳು ಬರೆದಳು. ಪ್ರಯೋಗ ಯಾವುದನ್ನೂ ಮಾಡಿಲ್ಲ. ನಾವು ಕರಗಿಸಬೇಕಾಗಿದ್ದ ಜೀವದ ಅಳತೆ ಮೂವತ್ತನಾಲ್ಕು ಇತ್ತು. ಅದಕ್ಕಿಂತ ಮೇಲಿನ ಒಂದು ಅಂಕಿ ಬೇಕಾಗಿತ್ತು. ನಿಮ್ಮ ಕೆರೆಗಳು ಸತ್ತಿಲ್ಲ, ದಯವಿಟ್ಟು ಮುಚ್ಚಬೇಡಿ.

ಮರುದಿನವೇ ಉತ್ತರ ಬಂತು. ತಮ್ಮ ಪತ್ರವನ್ನು ಕಡತದಲ್ಲಿ ಸೇರಿಸಿಕೊಳ್ಳಲಾಗಿದೆ, ಸೋಮವಾರದಿಂದ ಕೆಲಸ ಆರಂಭವಾಗುತ್ತದೆ ಎಂದು ಅದರಲ್ಲಿತ್ತು.