ಎರಡನೆಯ ಕುರ್ಚಿ

"ಆ ಕುರ್ಚಿ ತೆಗೀರಿ" ಎಂದಳು ಅವಳು.

ಛಾಯಾಗ್ರಾಹಕ ತಲೆಯೆತ್ತಲಿಲ್ಲ. ಅವಳ ಕೋಣೆಯ ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿಗಳನ್ನು ಸಮುದ್ರಕ್ಕೆ ಮುಖಮಾಡಿ ಜೋಡಿಸಿದ್ದ. ಒಂದರ ಕೈ ಇನ್ನೊಂದರ ಕೈಗೆ ತಾಕಿಯೂ ತಾಕದಂತಿತ್ತು. ಬೆಳಗಿನ ಬಿಸಿಲು ನೀರಿನ ಮೇಲಿಂದ ಜಾರಿ ಬಂದು ಅವುಗಳ ಕಾಲ ಬಳಿ ಬಿದ್ದಿತ್ತು.

"ಕೋಣೆಗೆ ಕೊಟ್ಟಿರೋದು ಒಂದೇ ಕುರ್ಚಿ. ಇನ್ನೊಂದನ್ನ ನೀವು ನಿಮ್ಮ ಜಗಲಿಯಿಂದ ಹೊತ್ಕೊಂಡು ಬಂದಿದ್ದೀರಿ."

"ಸಮುದ್ರ ನೋಡೋಕೆ ಒಬ್ಬರೇ ಯಾರು ಬರ್ತಾರೆ ಮೇಡಂ?"

"ನಾನು ಬರ್ತೀನಿ."

ಅವನು ಆಗ ನೋಡಿದ. ಒಂದು ಕ್ಷಣ ಹೆಚ್ಚೇ ನೋಡಿದ. ಅವಳು ಆ ನೋಟವನ್ನು ಬಾಗಿಲ ಹೊರಗೇ ನಿಲ್ಲಿಸಿ, ಕದ ಹಾಕಿಕೊಂಡಳು.

ಅವರಿಬ್ಬರೂ ಒಂದೇ ಪ್ರವಾಸ ಪತ್ರಿಕೆಯವರು. ಪ್ರತಿವರ್ಷ ಆ ಪತ್ರಿಕೆ ಕಡಲತೀರದ ಹೋಟೆಲುಗಳನ್ನು ಆರಿಸಿ ಒಂದು ವಿಶೇಷ ಪುರವಣಿ ತರುತ್ತಿತ್ತು. ನೋಡಲು ಅಂದವಾಗಿರಬೇಕು, ದರ ಸಾಧಾರಣ ಸಂಸಾರಸ್ಥರ ಕೈಗೆ ಎಟುಕಬೇಕು, ಇದೇ ಷರತ್ತು. ಆರಿಸುವವಳು ಅವಳು. ಹೋದ ಕಡೆಯಲ್ಲೆಲ್ಲ ನಲ್ಲಿ ತಿರುಗಿಸಿ ಬಿಸಿನೀರು ಬರುವ ತನಕ ಕೈಯೊಡ್ಡಿ ನಿಲ್ಲುವಳು. ಪರದೆಯ ಹಿಂದೆ ಬೆರಳಾಡಿಸಿ ಧೂಳು ನೋಡುವಳು. ಊಟಕ್ಕೆ ಒಬ್ಬಳೇ ಹೋಗಿ, ಒಂಟಿ ಹೆಂಗಸನ್ನು ಕಿಟಕಿಯ ಬಳಿ ಕೂರಿಸುತ್ತಾರೋ ಅಡುಗೆಮನೆಯ ಬಾಗಿಲಿಗೆ ತಳ್ಳುತ್ತಾರೋ ಪರೀಕ್ಷಿಸುವಳು. ಅವಳ ಕೈಯಲ್ಲಿ ಉಳಿಯುವ ಹೋಟೆಲುಗಳಿಗಿಂತ ಉದುರುವವೇ ಹೆಚ್ಚು. ಅದಕ್ಕೇ ಕಚೇರಿಯಲ್ಲಿ ಅವಳ ಹೆಸರು ಕತ್ತರಿ ಮೇಡಂ.

ಅವನ ಚಿತ್ರಗಳೆಂದರೆ ಅವಳಿಗೆ ಮೈಯುರಿ. ಗೇಣುದ್ದದ ಈಜುಕೊಳವನ್ನು ಅವನು ಕೆರೆ ಮಾಡಿಬಿಡುತ್ತಿದ್ದ. ಚಿತ್ರದ ಕೆಳಗಿನ ಸಾಲುಗಳನ್ನು ಬರೆಯುವವಳು ಅವಳೇ ಆದ್ದರಿಂದ ಸೇಡು ಅಲ್ಲೇ ತೀರುತ್ತಿತ್ತು. 'ಈ ಕೊಳದಲ್ಲಿ ನಾಲ್ಕು ಸಲ ಕೈಬೀಸಿದರೆ ಆಚೆ ದಡ.' 'ಮೇಜಿನ ಮೇಲಿನ ಹೂವು ಹೋಟೆಲಿನದಲ್ಲ, ಛಾಯಾಗ್ರಾಹಕರದು.' ಓದುಗರಿಗೆ ಈ ಜಗಳ ರುಚಿಸಿತು. ಪುರವಣಿ ಬಂದ ಕೂಡಲೇ ಹೋಟೆಲು ಬಿಟ್ಟು ಕೆಳಗಿನ ಸಾಲು ಓದುವವರೂ ಇದ್ದರು. ಸಂಪಾದಕರಿಗೆ ಅಷ್ಟು ಸಾಕಾಗಿ, ಇಬ್ಬರನ್ನೂ ಬೇರೆ ಬೇರೆ ಕಳಿಸುವ ಮಾತನ್ನೇ ಎತ್ತಲಿಲ್ಲ.

ಒಂದು ನಿಯಮದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ತಾವು ಯಾರೆಂದು ಹೋಟೆಲಿನವರಿಗೆ ತಿಳಿಯಕೂಡದು. ತಿಳಿದರೆ ಉಪಚಾರ ಹೆಚ್ಚುತ್ತದೆ, ಸತ್ಯ ಕಡಿಮೆಯಾಗುತ್ತದೆ. ತಿಳಿದ ಹೋಟೆಲು ಆ ಕ್ಷಣವೇ ಆಯ್ಕೆಯಿಂದ ಹೊರಗೆ.

ಅವಳ ಗಂಡ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಬದುಕಿದ್ದಾಗ ಪ್ರತಿ ಬೇಸಿಗೆಯಲ್ಲೂ ಗಂಡಹೆಂಡಿರು ಇಂಥದೇ ಪುರವಣಿಯನ್ನು ಹಾಸಿಗೆಯ ಮೇಲೆ ಹರಡಿಕೊಂಡು ಹೋಟೆಲು ಆರಿಸುತ್ತಿದ್ದರು. ಆರಿಸಿದ ಮೇಲೆ ಏನಾದರೊಂದು ಅಡ್ಡ ಬರುತ್ತಿತ್ತು. ಮುಂದಿನ ವರ್ಷ ಹೋಗೋಣ ಬಿಡು ಎನ್ನುತ್ತಿದ್ದ ಆ ಪುಣ್ಯಾತ್ಮ. ಈಗ ಅವಳು ಪ್ರತಿ ಹೋಟೆಲಿನಲ್ಲೂ ಮಲಗುವ ಮುಂಚೆ ಎರಡನೆಯ ದಿಂಬನ್ನು ಬೀರುವಿನಲ್ಲಿಟ್ಟು, ದೇವರಿಗೆ ಕೈಮುಗಿದು, ಗೋಡೆಯ ಕಡೆಗೆ ತಿರುಗಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಅವಳು ಊಟದ ಮನೆಗೆ ಹೋದಾಗ ಕಿಟಕಿಯ ಬಳಿ, ಎಲ್ಲಕ್ಕಿಂತ ಒಳ್ಳೆಯ ಮೇಜಿನಲ್ಲಿ ಕೂರಿಸಿದರು. ಅವಳಿಗೆ ಸಂತೋಷವಾಯಿತು. ಎದುರಿಗೆ ಇನ್ನೊಂದು ತಟ್ಟೆ ಬಂತು. ಹಿಂದೆಯೇ ಛಾಯಾಗ್ರಾಹಕನನ್ನು ಕರೆತಂದು ಅಲ್ಲೇ ಕೂರಿಸಿ, ಬಡಿಸುವವನು ಮುಗುಳ್ನಕ್ಕು ಹೋದ. ಇಬ್ಬರೂ ತಟ್ಟೆಗಳೊಡನೆ ಮಾತಾಡಿಕೊಂಡಂತೆ ಉಂಡೆದ್ದರು. ಸಂಜೆ ಅವಳು ಕೋಣೆಗೆ ಮರಳಿದಾಗ ಜಗಲಿಯಲ್ಲಿ ಮತ್ತೆ ಎರಡು ಕುರ್ಚಿಗಳಿದ್ದವು, ಈ ಸಲ ಮೆತ್ತೆಗಳ ಸಹಿತ. ನಡುವೆ ಪುಟ್ಟ ಮೇಜಿನ ಮೇಲೆ ಎರಡು ಲೋಟ ಹಣ್ಣಿನ ರಸ. ಕೇಳದೆ ಬಂದದ್ದು, ಬಿಲ್ಲಿಲ್ಲದೆ ಬಂದದ್ದು.

ಅವಳ ಎದೆಯಲ್ಲಿ ಕತ್ತರಿ ತೆರೆದುಕೊಂಡಿತು. ನೇರ ಪಕ್ಕದ ಜಗಲಿಗೆ ಹೋದಳು.

"ಯಾರಿಗೆ ಹೇಳಿದ್ರಿ, ನಾವು ಪತ್ರಿಕೆಯವರು ಅಂತ?"

"ಯಾರಿಗೂ ಹೇಳಿಲ್ಲ."

"ಚಿತ್ರದಲ್ಲಿ ಸುಳ್ಳು ಹೇಳೋರಿಗೆ ಬಾಯಲ್ಲಿ ಹೇಳೋದು ಎಷ್ಟರ ಕೆಲಸ."

ಅವನ ಮುಖ ಬಿಗಿಯಿತು. "ನಾನು ಕುರ್ಚಿ ಸರಿಸ್ತೀನಿ, ನಿಜ. ಮಾತು ಸರಿಸಲ್ಲ."

ಅವಳು ನಂಬಲಿಲ್ಲ. ಅಲ್ಲೇ ನಿಂತು ಸಂಪಾದಕರಿಗೆ ಸಂದೇಶ ಕಳಿಸಿದಳು: ಛಾಯಾಗ್ರಾಹಕರು ನಮ್ಮ ಗುರುತು ಬಿಟ್ಟುಕೊಟ್ಟಿದ್ದಾರೆ, ಈ ಹೋಟೆಲು ಬೇಡ, ಇವರೂ ಬೇಡ. ಕಳಿಸಿದ್ದನ್ನು ಅವನಿಗೆ ಓದಿ ಹೇಳಿಯೇ ಹೊರಟಳು. ಅವನು ಲೆನ್ಸ್ ಒರೆಸತೊಡಗಿದ. ಉತ್ತರ ಕೊಡಲಾಗದ ಕಡೆ ಲೆನ್ಸ್ ಒರೆಸುವುದು ಅವನ ಅಭ್ಯಾಸ. ಕಚೇರಿಯಲ್ಲಿ ಅವನ ಮದುವೆಯ ಮಾತು ತೆಗೆದವರಿಗೆಲ್ಲ ಸಿಕ್ಕ ಉತ್ತರವೂ ಅದೇ.

ದಿನವೂ ಸಂಜೆ ಅತ್ತೆಗೆ ಫೋನು ಮಾಡುವುದು ಅವಳ ರೂಢಿ. ಮಗ ಹೋದ ಮೇಲೆ ಆ ಮುದುಕಿಗೆ ಇವಳೇ ಮಗಳು. ಇವಳು ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಆ ಮನುಷ್ಯನ ಜನ್ಮ ಜಾಲಾಡಿದಳು.

"ವರ್ಷಗಳಾದ ಮೇಲೆ ನಿನ್ನ ದನಿಯಲ್ಲಿ ಜೀವ ಕೇಳಿಸ್ತಿದೆ ಕಣೇ" ಎಂದರು ಅತ್ತೆ. "ಯಾರಾದ್ರೂ ಆಗಲಿ, ಜಗಳ ಪೂರ್ತಿ ಮುಗಿಸ್ಬೇಡ."

ಇವಳು ಸಿಡುಕಿ ಫೋನಿಟ್ಟು, ಲೆಕ್ಕ ಚುಕ್ತಾ ಮಾಡಲು ಹೋಟೆಲಿನ ಕೌಂಟರಿಗೆ ಹೋದಳು. ಅಲ್ಲಿ ವ್ಯವಸ್ಥಾಪಕಿ ಬೀಗದ ಕೈಗಳಿಗೆ ಬಣ್ಣದ ದಾರ ಕಟ್ಟುತ್ತಿದ್ದಳು. ನಮ್ಮ ವಿಷಯ ನಿಮಗೆ ಯಾರು ಹೇಳಿದರು ಎಂದು ಇವಳು ಕೇಳಿದಳು.

"ಯಾರು ಹೇಳ್ಬೇಕು ಅಮ್ಮ? ನೋಡಿದ್ರೆ ಗೊತ್ತಾಗಲ್ವಾ, ಗಂಡ ಹೆಂಡತಿ ಮಾತು ಬಿಟ್ಟಿದ್ದೀರಿ ಅಂತ."

ವ್ಯವಸ್ಥಾಪಕಿ ದಾರ ಕಟ್ಟುತ್ತಲೇ ವಿವರಿಸಿದಳು. ಒಂದೇ ಕಾರಿನಲ್ಲಿ ಬಂದು ಬೇರೆ ಬೇರೆ ಕೋಣೆ ಕೇಳಿದಿರಿ. ಬೆಳಗ್ಗೆ ಎದ್ದು ಕುರ್ಚಿಗೆ ಕಿತ್ತಾಡಿದಿರಿ. ಗುರುತಿಲ್ಲದವರು ಅಷ್ಟು ಮನಸ್ಸಿಟ್ಟು ಜಗಳವಾಡುವುದಿಲ್ಲ. ಮುನಿಸಿಕೊಂಡು ಬಂದ ಜೋಡಿಗಳಿಗೆಲ್ಲ ನಾವು ಕಿಟಕಿಯ ಮೇಜು, ಜೋಡಿ ಕುರ್ಚಿ, ಎರಡು ಲೋಟ ರಸ ಕೊಡುವುದುಂಟು. ಎಷ್ಟೋ ಮಂದಿ ಹೋಗುವ ಮುಂಚೆಯೇ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ಹೋಟೆಲಿಗೆ ನಷ್ಟ, ಆದರೂ ಸಂತೋಷ.

"ಅವರು ನನ್ನ ಗಂಡ ಅಲ್ಲ."

"ಅಲ್ವಾ?" ವ್ಯವಸ್ಥಾಪಕಿ ಕೈ ನಿಲ್ಲಿಸಿದಳು. "ನೀವು ಕದ ಹಾಕ್ಕೊಂಡ ಮೇಲೂ ಅವರು ಆ ಕದಾನೇ ನೋಡ್ತಾ ನಿಂತಿದ್ರು. ಕೈಯಲ್ಲಿ ಕ್ಯಾಮೆರಾ ಇತ್ತು. ಫೋಟೋ ತೆಗೀಲಿಲ್ಲ."

ಬರೆದ ಒಂದು ಸಾಲೂ ಸುಳ್ಳಾಗಬಾರದೆಂದು ಬದುಕಿದವಳು ಅವಳು. ಆ ಸಂಜೆ ಬರೆದ ಸಾಲು ಹಸಿಸುಳ್ಳಾಗಿತ್ತು. ಕೂಡಲೇ ಸಂಪಾದಕರಿಗೆ ಫೋನು ಮಾಡಿ, ತಪ್ಪು ತನ್ನದು, ಛಾಯಾಗ್ರಾಹಕರು ಏನೂ ಹೇಳಿಲ್ಲ ಎಂದಳು. ಸಂಪಾದಕರು ಗೊಂದಲಗೊಂಡರು. ಈಗಷ್ಟೇ ನಾನು ಅವನನ್ನು ವಿಚಾರಿಸಿದ್ದೆ, ಅವನು ಒಪ್ಪಿಕೊಂಡು ಕೆಲಸವನ್ನೂ ಬಿಟ್ಟನಲ್ಲ, ಮೇಡಂ ಬರೆದಿದ್ದರೆ ನಿಜವೇ ಇರುತ್ತದೆ ಎಂದನಲ್ಲ ಎಂದರು. ಆ ರಾಜೀನಾಮೆ ತೆಗೆದುಕೊಳ್ಳಬೇಡಿ ಎಂದು ಹೇಳಿ ಅವಳು ಫೋನಿಟ್ಟಳು.

ಅವಳು ಹೋದಾಗ ಅವನು ಕ್ಯಾಮೆರಾದ ಮುಕ್ಕಾಲಿ ಮಡಚುತ್ತಿದ್ದ. ಅವನ ಜಗಲಿ ಬರಿದಾಗಿತ್ತು. ಅಲ್ಲಿದ್ದ ಒಂದೇ ಕುರ್ಚಿ ಅವಳ ಕಡೆಗೆ ಹೋಗಿತ್ತು.

"ಮಾಡದ ತಪ್ಪು ಯಾಕ್ರೀ ಒಪ್ಕೊಂಡ್ರಿ?"

"ನನ್ನ ಚಿತ್ರದ ಕೆಳಗೆ ನೀವು ಬರೆದದ್ದೆಲ್ಲ ನಿಜಾನೇ ಇತ್ತು. ಇದೊಂದು ಸುಳ್ಳು ಅಂತ ನಾನೇ ಹೇಳಿದ್ರೆ, ನಾಳೆಯಿಂದ ನಿಮ್ಮನ್ನ ಯಾರು ನಂಬ್ತಾರೆ?"

"ಅದು ನನ್ನ ಪಾಡು. ನಿಮಗೇನು?"

ಅವನ ಕೈ ಜೇಬಿನ ಬಟ್ಟೆಯನ್ನು ಹುಡುಕಿತು.

"ಲೆನ್ಸ್ ಒರೆಸ್ಬೇಡಿ. ಉತ್ತರ ಕೊಡಿ."

ಅವನು ಸಮುದ್ರದ ಕಡೆ ನೋಡಿದ. ಆಮೇಲೆ ಅವಳ ಕಡೆ. "ಹೋದ ಕಡೆಯಲ್ಲೆಲ್ಲ ಎರಡು ಕುರ್ಚಿ ಯಾಕೆ ಇಡ್ತೀನಿ ಅಂತ ಒಂದು ಸಲನೂ ಕೇಳಲಿಲ್ಲ ನೀವು. ತೆಗೀರಿ ಅಂದ್ರಿ, ಅಷ್ಟೆ."

ಅವಳು ತಿರುಗಿ ತನ್ನ ಜಗಲಿಗೆ ನಡೆದಳು. ಅವನು ಮತ್ತೆ ಮುಕ್ಕಾಲಿಗೆ ಕೈಹಾಕಿದ. ಅಷ್ಟರಲ್ಲಿ ನೆಲ ಕೆರೆಯುವ ಕರ್ಕಶ ಸದ್ದು. ಅವಳು ಒಂದೊಂದೇ ಕುರ್ಚಿಯನ್ನು ಎಳೆದು ತರುತ್ತಿದ್ದಳು. ಅವನು ಹಿಡಿಯಲು ಮುಂದಾದಾಗ ಮುಟ್ಟಬೇಡಿ ಎಂದು ಗದರಿಸಿದಳು. ಎರಡನ್ನೂ ತಾನೇ ಕಡಲಿಗೆ ಮುಖಮಾಡಿ ನಿಲ್ಲಿಸಿದಳು. ನಡುವಿನ ಅಂತರ ಅವನು ಬೆಳಗ್ಗೆ ಇಟ್ಟಷ್ಟೇ ಇತ್ತು.

"ನನ್ನ ಗಂಡನಿಗೆ ಸಮುದ್ರ ತೋರಿಸೋಕೆ ಆಗಲಿಲ್ಲ" ಎಂದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದು ಅವನ ಮೇಲಿನದಾಗಿರಲಿಲ್ಲ. "ನೀವು ಎರಡನೇ ಕುರ್ಚಿ ಇಟ್ಟಾಗೆಲ್ಲ ಅದು ಅವರದೇ ಅನ್ನಿಸ್ತಿತ್ತು. ಖಾಲಿ ಇರೋದನ್ನ ನೋಡೋಕಾಗ್ತಿರಲಿಲ್ಲ."

"ಖಾಲಿ ಇರ್ಲಿ ಅಂತ ಇಟ್ಟಿದ್ದಲ್ಲ ಮೇಡಂ."

"ಹಾಗಾದ್ರೆ ಕೂತ್ಕೊಳ್ಳಿ. ಮಾತಾಡ್ಬೇಡಿ."

ಅವನು ಕೂತ. ಅವಳೂ ಕೂತಳು. ಕತ್ತಲು ಕವಿಯುತ್ತಿತ್ತು. ಅವಳು ಕಣ್ಣುಮುಚ್ಚಿ ಕೈಜೋಡಿಸಿದಳು. ದೇವರಲ್ಲಿ ಏನನ್ನೂ ಬೇಡಲಿಲ್ಲ; ಹೋದವನ ಹೆಸರನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು, ಆ ಜೀವವನ್ನು ಮತ್ತೆ ದೇವರ ವಶಕ್ಕೊಪ್ಪಿಸಿದಳು. ಕೈ ಬಿಚ್ಚಿದಾಗ ಅದು ಅವನ ಕುರ್ಚಿಯ ಕೈಯ ಮೇಲೆ ಬಿತ್ತು. ಅಲ್ಲಿ ಅವನ ಕೈಯಿತ್ತು. ಅವಳು ತೆಗೆಯಲಿಲ್ಲ.

"ನಾಳೆ ಕೊಳದ ಫೋಟೋ ದೊಡ್ಡದಾಗಿ ತೆಗೆದ್ರೆ ಬಿಡಲ್ಲ" ಎಂದಳು.

"ಬಿಡ್ಬೇಡಿ" ಎಂದ ಅವನು.

ಆ ವರ್ಷದ ಪುರವಣಿಯಲ್ಲಿ ಆ ಹೋಟೆಲು ಬಂತು. ಜಗಲಿ, ಕಡಲು, ಎರಡು ಬೆತ್ತದ ಕುರ್ಚಿಗಳ ಚಿತ್ರ. ಓದುಗರು ಎಂದಿನ ಚುಚ್ಚುಮಾತಿಗಾಗಿ ಆಸೆಯಿಂದ ಕೆಳಗೆ ನೋಡಿದರು. ಅಲ್ಲಿ ಬರೆದಿತ್ತು:

'ಚಿತ್ರದಲ್ಲಿ ಕಾಣುವಂತೆಯೇ ಇದೆ. ಕುರ್ಚಿಗಳು ಎರಡೂ ಗಟ್ಟಿಯಾಗಿವೆ. ಕೂತು ನೋಡಿದ್ದೇವೆ.'