ನೂರಿಪ್ಪತ್ನಾಲ್ಕು ಅಡಿ

"ತಿಮ್ಮರಾಜು ಅಂದ್ರೆ ನೀವೇನಾ?"

ಬಾಗಿಲಲ್ಲಿ ನಿಂತು ಕೇಳಿದವಳ ಉಸಿರು ಇನ್ನೂ ಏರಿಳಿಯುತ್ತಿತ್ತು. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಿಂದ ಈ ಕಂಪ್ಯೂಟರ್ ಸೆಂಟರಿನವರೆಗೆ ಹೆಚ್ಚುಕಡಿಮೆ ಓಡಿಕೊಂಡೇ ಬಂದಿದ್ದಳು. ಆಯುಧಪೂಜೆಯ ದಿನ, ರಸ್ತೆಯ ತುಂಬ ಒಡೆದ ಬೂದುಗುಂಬಳ. ಅವಳ ಚಪ್ಪಲಿಗೆಲ್ಲ ಕುಂಕುಮ ಮೆತ್ತಿಕೊಂಡಿತ್ತು.

ಒಳಗೆ ಕುಳಿತಿದ್ದವನು ಎದ್ದು ನಿಂತ. ತೆಳ್ಳಗಿನ ಮೈ, ಎರಡು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣು.

"ಹೌದು. ತಾವು?"

"ಸುನಿತಾ. ಪಾಂಡವಪುರದಿಂದ."

ಅವನ ಮುಖದಲ್ಲಿ ನಗು ಅರಳುವುದರಲ್ಲಿತ್ತು. ಅವಳು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ಬೇಲಿನೇ ಎದ್ದು ಹೊಲ ಮೇಯ್ದಂಗೆ ಮಾಡ್ಬುಟ್ರಲ್ಲ. ಪಾಸ್‌ವರ್ಡು ಯಾಕೆ ಬದಲಾಯಿಸಿದ್ರಿ? ನನ್ನ ವೆಬ್‌ಸೈಟಿಂದ ನನ್ನೇ ಆಚೆ ಹಾಕೋಕೆ ನೀವ್ಯಾರು?"

ಏಳು ತಿಂಗಳಿಂದ ದಿನಾ ಬರೆದುಕೊಂಡವರು ಮೊದಲ ಸಲ ಮುಖ ನೋಡಿದ್ದು ಹೀಗೆ!

ಬರೆದದ್ದು ಇ-ಮೇಲಿನಲ್ಲಿ. ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಪಾಂಡವಪುರದಲ್ಲಿ ಸುನಿತಾಳ ತಂದೆ ಹೊನ್ನಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹನ್ನೆರಡು ಟೈಪ್‌ರೈಟರುಗಳ ನಡುವೆ ಒಂದೇ ಒಂದು ಕಂಪ್ಯೂಟರಿತ್ತು. ಅದರಲ್ಲಿ ಅವಳು 'ನಾಲ್ಕು ತಾಲ್ಲೂಕು' ಎಂಬ ವೆಬ್‌ಸೈಟು ನಡೆಸುತ್ತಿದ್ದಳು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ರಕ್ತ ಕೊಡಲು ಒಪ್ಪಿದ ಮುನ್ನೂರ ಹನ್ನೆರಡು ಜನರ ಪಟ್ಟಿ ಅದರಲ್ಲಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ರಕ್ತ ಬೇಕಾದವರ ಕಡೆಯವರು ಯಾವುದಾದರೂ ಸೈಬರ್ ಸೆಂಟರಿಗೆ ಹೋಗಿ ಅದರ ಗೆಸ್ಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದರೆ ಸಾಕು, ಸುನಿತಾ ಊರೂರಿಗೆ ಫೋನು ಹಚ್ಚುತ್ತಿದ್ದಳು.

ಆ ಗೆಸ್ಟ್‌ಬುಕ್ಕನ್ನು ಪುಕ್ಕಟೆಯಾಗಿ ಮಾಡಿಕೊಟ್ಟವನೇ ತಿಮ್ಮರಾಜು. ಅವನ ಇ-ಮೇಲುಗಳಲ್ಲಿ ಕೆಲಸದ ಜೊತೆಗೆ ಸಣ್ಣ ಸಣ್ಣ ತಮಾಷೆ ಇರುತ್ತಿದ್ದವು. ಅವುಗಳಿಗಾಗಿ ಅವಳು ಕಾಯುತ್ತಿದ್ದಳು, ಆದರೆ ಅದನ್ನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ನಾಲ್ಕು ದಿನದ ಹಿಂದೆ ಅವನು ಬರೆದಿದ್ದ: 'ಒಂದು ಸಲ ಬಂದು ನಿಮ್ಮನ್ನು ನೋಡಬಹುದಾ?'

ಸುನಿತಾ ಅದನ್ನು ಮೂರು ಸಲ ಓದಿದ್ದಳು. ಅಪ್ಪ ಏನೆಂದಾರು? ಊರಿನವರು ಏನೆಂದಾರು? ಹೆದರಿಕೆಯಲ್ಲಿ ಒಂದೇ ಸಾಲು ಉತ್ತರ ಕೊಟ್ಟಿದ್ದಳು: 'ಕೆಲಸದ ವಿಷಯ ಮಾತ್ರ ಬರೆಯಿರಿ.'

ಮರುದಿನದಿಂದಲೇ ಗೆಸ್ಟ್‌ಬುಕ್ಕಿಗೆ ಕಸ ಬೀಳತೊಡಗಿತ್ತು. ಜೂಜಿನ ಜಾಹೀರಾತು, ಗಂಡಸರ ಮಾತ್ರೆ, ಓದಲೂ ನಾಚಿಕೆಯಾಗುವಂಥ ಚಿತ್ರಗಳ ವಿಳಾಸ... ಇಂದು ಬೆಳಿಗ್ಗೆ ಎರಡು ಸಾವಿರದ ಮುನ್ನೂರು ದಾಟಿತ್ತು. ಅಳಿಸೋಣವೆಂದರೆ ಪಾಸ್‌ವರ್ಡು ತಪ್ಪು ಅನ್ನುತ್ತದೆ!

'ಒಂದು ಮಾತಿಗೆ ಇಷ್ಟು ದ್ವೇಷವಾ?' ಬಸ್ಸಿನ ಉದ್ದಕ್ಕೂ ಅವಳನ್ನು ಹಿಂಡಿದ್ದು ಅದೇ ಪ್ರಶ್ನೆ.

"ನಾನು ನೋಡಬಹುದಾ ಅಂತ ಕೇಳಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ಕಣ್ರೀ," ಅಂದ ತಿಮ್ಮರಾಜು ಮೆಲ್ಲಗೆ. "ಕಸ ಹಾಕ್ತಿರೋದು ಮನುಷ್ಯರೇ ಅಲ್ಲ. ಬಾಟ್ ಅಂತಾರೆ, ತಾನಾಗೇ ಅಲೀತಾ ಸಿಕ್ಕಿದ ಕಡೆ ಬರೆಯೋ ಪ್ರೋಗ್ರಾಮು. ಹಳೇ ಪಾಸ್‌ವರ್ಡು ಬಲು ಸುಲಭದ್ದು, ಅದನ್ನೂ ಊಹಿಸ್ಬುಟ್ರೆ ರಕ್ತದ ಪಟ್ಟಿನೇ ಹೋಗ್ತಿತ್ತು. ಅದಕ್ಕೇ ನಿನ್ನೆ ಸಂಜೆ ಬದಲಾಯಿಸಿ ಗೆಸ್ಟ್‌ಬುಕ್ಕು ಬಂದ್ ಮಾಡ್ದೆ."

"ನನಗೆ ಹೇಳ್ಬೇಕು ಅಂತ ಅನ್ನಿಸ್ನಿಲ್ವಾ?"

"ನಿನ್ನೆ ಇಡೀ ದಿನ ನಿಮ್ಮ ಫೋನು ಎಂಗೇಜು."

ನಿನ್ನೆ ಇಡೀ ದಿನ ನೆಟ್ಟಿಗೆ ಹೋಗಿ ಕಸ ಅಳಿಸುತ್ತಿದ್ದವಳು ಅವಳೇ. ಫೋನಿಗೂ ನೆಟ್ಟಿಗೂ ಇದ್ದದ್ದು ಒಂದೇ ಲೈನು.

"ಮೇಲ್ ಮಾಡಿದ್ರೆ ನಿಮ್ಮ ಡಬ್ಬಿನೂ ಕಸದಲ್ಲಿ ತುಂಬಿ ವಾಪಸ್ ಬಂತು. ಅದಕ್ಕೇ ಎಲ್ಲಾನೂ ಒಂದು ಫ್ಲಾಪೀಲಿ ಹಾಕಿ, ಕೊನೇ ಬಸ್ಸಿನ ಕಂಡಕ್ಟರ್ ಸೋಮಯ್ಯನ ಕೈಲಿ ಕಳಿಸ್ದೆ. ಮನೆಗೇ ಕೊಟ್ಟೆ ಅಂದ್ನಲ್ಲ."

ಫ್ಲಾಪಿ...

ಸುನಿತಾಳ ಕಣ್ಣ ಮುಂದೆ ಬೆಳಗಿನ ಪೂಜೆ ಬಂತು. ಸಾಲಾಗಿ ಟೈಪ್‌ರೈಟರು, ಕಂಪ್ಯೂಟರು, ಅಪ್ಪನ ಸ್ಕೂಟರಿನ ಕೀಲಿ, ಅದರ ಪಕ್ಕದಲ್ಲಿ ಒಂದು ಕರಿ ಫ್ಲಾಪಿ! 'ಯಾರೋ ಕಂಡಕ್ಟ್ರು ಕೊಟ್ಟೋದ ಕಣವ್ವ, ಮಿಷನ್ನಿನ ಸಾಮಾನಲ್ವಾ, ಪೂಜೆಗಿಟ್ಟೆ' ಎಂದು ಅಮ್ಮ ಜಯಲಕ್ಷ್ಮಮ್ಮ ನೀರಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಅದರ ತಗಡಿನ ಬಾಯಿಗೇ ಭಕ್ತಿಯಿಂದ ಮೆತ್ತಿದ್ದರು. ಸಿಟ್ಟಿನಲ್ಲಿದ್ದ ಅವಳು ಅದು ಯಾರದೆಂದು ಕೇಳಿಯೂ ಇರಲಿಲ್ಲ.

"ನಮ್ಮಮ್ಮ ಅದಕ್ಕೆ... ಪೂಜೆ ಮಾಡ್ಬುಟ್ರು," ಅಂದಳು, ನೆಲ ನೋಡುತ್ತ.

ತಿಮ್ಮರಾಜು ತನ್ನ ಹಿಂದಿನ ಕಂಪ್ಯೂಟರು ತೋರಿಸಿದ. ಪರದೆಯ ಮೇಲೆ ಮೂರು ಪಟ್ಟೆ ವಿಭೂತಿ, ಕೀಬೋರ್ಡಿನ ಮೇಲೆ ಸೇವಂತಿಗೆ ಮಾಲೆ.

"ಇಲ್ಲೂ ಅದೇ ಕತೆ. ನಾಳೆ ಗಂಟ ಮುಟ್ಟಬ್ಯಾಡ ಅಂತ ಓನರ್ರು ಹೇಳಿ ಹೋಗವ್ರೆ."

ಆದರೆ ಗಡುವು ಇಂದೇ ಸಂಜೆ ಐದಕ್ಕೆ. ವೆಬ್‌ಸೈಟಿಗೆ ಬಿಟ್ಟಿ ಜಾಗ ಕೊಟ್ಟಿದ್ದ ಕಂಪನಿ ಬರೆದಿತ್ತು: ಐದು ಗಂಟೆಗೆ ನೋಡುತ್ತೇವೆ, ಗೆಸ್ಟ್‌ಬುಕ್ಕಿನಲ್ಲಿ ಒಂದೇ ಒಂದು ಕಸ ಉಳಿದಿದ್ದರೂ ಇಡೀ ಸೈಟನ್ನು ಅಳಿಸುತ್ತೇವೆ. ಮುನ್ನೂರ ಹನ್ನೆರಡು ಹೆಸರೂ ಅದರ ಜೊತೆಗೇ ಹೋದಂತೆ. ಗಂಟೆ ಹನ್ನೊಂದಾಗಿತ್ತು.

"ಮಧ್ಯಾಹ್ನ ಹೆಂಗಾದ್ರೂ ಒಪ್ಪಿಸಿ ಕಸ ಅಳಿಸ್ತೀನಿ," ಅಂದ ತಿಮ್ಮರಾಜು. "ಗೆಸ್ಟ್‌ಬುಕ್ಕು ಮಾತ್ರ ಐದರ ಗಂಟ ಮುಚ್ಚೇ ಇರ್ಲಿ."

"ಬ್ಯಾಡ. ಈಗ್ಲೇ ತೆಗೀಬೇಕು."

"ತೆಗೆದ್ರೆ ನಿಮಿಷಕ್ಕೆ ಹದಿನೈದಿಪ್ಪತ್ತು ಕಸ ಬೀಳ್ತದೆ. ಎಲ್ಲಾ ಕಳ್ಕೋತೀವಿ ಸುನಿತಾ."

ಅವನು ಮೊದಲ ಸಲ ಅವಳ ಹೆಸರು ಹಿಡಿದು ಕರೆದಿದ್ದ. ಅದನ್ನು ಅವಳು ಗಮನಿಸಲಿಲ್ಲ ಎಂದರೆ ಸುಳ್ಳು. ಆದರೆ ಅವಳಿಗೆ ಹೇಳಬೇಕಿದ್ದದ್ದು ಬೇರೆ.

"ನಮ್ಮಣ್ಣ ರವೀಂದ್ರ ಮೈಸೂರು ಆಸ್ಪತ್ರೇಲಿ ರಕ್ತ ಸಿಗದೆ ಹೋದ. ಟ್ರಾಕ್ಟರು ಮಗುಚಿತ್ತು. ಅವನ ತಿಥಿ ದಿನ ಎಲೆ ಮುಂದೆ ಕೂತಿದ್ದ ಪಕ್ಕದ್ಮನೆ ಮುದ್ದಯ್ಯ ಅಂದ್ರು, 'ನಂದೂ ಅದೇ ಗುಂಪು ಕಣವ್ವ, ಯಾರೂ ಕೇಳ್ನಿಲ್ವಲ್ಲ' ಅಂತ. ಪಕ್ಕದ್ಮನೆ. ಒಂದೇ ಗೋಡೆ. ಇವತ್ತು ಯಾರೋ ಮೈಸೂರಲ್ಲಿ ನಮ್ಮ ಪುಟ ತೆಗೆದು, ಬಂದ್ ಅಂತ ನೋಡಿ ವಾಪಸ್ ಹೋಗಿದ್ರೆ?"

ಬಾಗಿಲಲ್ಲಿ ಯಾರೋ ಕೆಮ್ಮಿದರು. ಸೆಂಟರಿನ ಓನರು ಪುಟ್ಟಸ್ವಾಮಿ, ಕೈಯಲ್ಲಿ ಕಡ್ಲೆಪುರಿ ತಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಟ್ಟೆಯನ್ನು ಮೇಜಿನ ಮೇಲಿಟ್ಟು ಜೇಬಿನಿಂದ ಕರ್ಪೂರ ತೆಗೆದು ಕಂಪ್ಯೂಟರಿನ ಮುಂದೆ ಹಚ್ಚಿದರು.

"ತಪ್ಪಾಯ್ತು ಕಣವ್ವ ತಾಯಿ, ಜೀವದ ವಿಷ್ಯ," ಎಂದು ಕೆನ್ನೆ ಬಡಿದುಕೊಂಡು ಮಾಲೆಯನ್ನು ಎತ್ತಿ ಪಕ್ಕಕ್ಕಿಟ್ಟರು. "ಒತ್ತಲಾ ತಿಮ್ಮ ಸ್ವಿಚ್ಚ. ನೋಡ್ತಾ ನಿಂತವ್ನೆ."

ಮೋಡೆಮ್ಮು ಕಿರುಗುಟ್ಟಿತು. ಮೂರನೇ ಸಲಕ್ಕೆ ಲೈನು ಸಿಕ್ಕಿತು.

"ಪಾಸ್‌ವರ್ಡು ಹೇಳಿ," ಅಂದಳು ಸುನಿತಾ, ಕೀಬೋರ್ಡಿನ ಮುಂದೆ ಕುಳಿತು.

ತಿಮ್ಮರಾಜು ಕಿಟಕಿಯ ಕಡೆ ತಿರುಗಿದ. "ಕೆಲಸದ ವಿಷಯ ಮಾತ್ರ."

"ಕೆಲಸದ್ದೇ ಕೇಳ್ತಿರೋದು. ಪಾಸ್‌ವರ್ಡು ಏನು?"

"ಅದೇ ಪಾಸ್‌ವರ್ಡು. ಮರೆಯಲ್ಲ ಅಂತ ಇಟ್ಟೆ."

ಅವಳ ಕಿವಿ ಕೆಂಪಾದವು. ತಾನೇ ಬರೆದ ಆ ಒಣ ಸಾಲನ್ನು ಒಂದೊಂದೇ ಅಕ್ಷರವಾಗಿ ಒತ್ತಬೇಕಾಯಿತು. 'ಇಷ್ಟು ನೋವಾಗಿತ್ತಾ ಇವರಿಗೆ? ಆದರೂ ನಿದ್ದೆಗೆಟ್ಟು ನನ್ನ ಪುಟ ಕಾದರಾ?'

ಬೀಗ ತೆರೆಯಿತು. ಈಗ ಬಾಟುಗಳನ್ನು ತಡೆಯುವುದು ಹೇಗೆ?

"ಬರೆಯೋಕೆ ಮುಂಚೆ ಒಂದು ಪ್ರಶ್ನೆ ಕೇಳಿದ್ರೆ?" ಅಂದ ತಿಮ್ಮರಾಜು. "ಎರಡಕ್ಕೆ ಎರಡು ಕೂಡಿಸಿದ್ರೆ ಎಷ್ಟು, ಅಂಥದ್ದು."

"ಲೆಕ್ಕ ಮಿಷನ್ನಿಗೆ ನಮಗಿಂತ ಚೆನ್ನಾಗಿ ಬರ್ತದೆ. ನಮ್ಮೋರಿಗೆ ಮಾತ್ರ ಗೊತ್ತಿರೋದು ಕೇಳ್ಬೇಕು..." ಸುನಿತಾ ತಡೆದು ನಿಂತಳು. ಅಪ್ಪ ದಿನಾ ಬೆಳಿಗ್ಗೆ ಪೇಪರು ಬಂದ ಕೂಡಲೇ ಮೊದಲು ನೋಡುವ ಮೂಲೆ ನೆನಪಾಗಿತ್ತು. ಅಪ್ಪ ಒಬ್ಬರೇ ಏನು, ಗದ್ದೆ ಇರುವವರು, ಇಲ್ಲದವರು, ಎಲ್ಲರೂ ನೋಡುವುದು ಅದನ್ನೇ. "ಕನ್ನಂಬಾಡಿ ಕಟ್ಟೆ ತುಂಬಿದ್ರೆ ಎಷ್ಟು ಅಡಿ?"

"ನೂರಿಪ್ಪತ್ನಾಕು," ಅಂದರು ಪುಟ್ಟಸ್ವಾಮಿ, ಪುರಿ ಅಗಿಯುತ್ತ. "ಇದನ್ನೂ ಕೇಳ್ಬೇಕಾ?"

ತಿಮ್ಮರಾಜು ಅವಳನ್ನೇ ನೋಡಿದ. "ಪಾಯಿಂಟ್ ಎಂಟು ಸೇರಿಸಿ ಬರೆಯೋ ಲೆಕ್ಕದ ಮೇಷ್ಟ್ರುಗಳೂ ಇರ್ತಾರೆ. ಎರಡೂ ಒಪ್ಪೋ ಹಂಗೆ ಬರೀತೀನಿ."

ಪ್ರೋಗ್ರಾಮು ತಿದ್ದುವಷ್ಟರಲ್ಲಿ ಗಂಟೆ ಒಂದೂಕಾಲಾಯಿತು. ಪುಟ ತೆರೆದರು. ಮೂಲೆಯಲ್ಲಿ ತಪ್ಪು ಉತ್ತರಗಳ ಎಣಿಕೆ. ಏಳು... ಮೂವತ್ತು... ನೂರಾ ಹತ್ತು. ಬಾಟುಗಳು ಬಾಗಿಲು ಬಡಿಯುತ್ತಲೇ ಇದ್ದವು. ಒಂದು ಒಳಗೆ ಬಂದರೂ ಎಲ್ಲ ಮುಗಿದಂತೆ. ಸುನಿತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಪರದೆ ನೋಡುತ್ತಿದ್ದಳು.

ಒಂದು ಐವತ್ತಕ್ಕೆ ಒಂದು ಸಂದೇಶ ಒಳಗೆ ಬಂತು!

ಇಬ್ಬರೂ ಪರದೆಯತ್ತ ಬಗ್ಗಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. 'ನಾನು ಕೆ.ಆರ್.ಪೇಟೆ ಮಂಚಯ್ಯ. ಸೈಬರಿನ ಹುಡುಗಿ ಬರೆದುಕೊಡುತ್ತಿದ್ದಾಳೆ. ಮಗಳು ಸ್ನೇಹಳಿಗೆ ಹೆರಿಗೆಯಲ್ಲಿ ರಕ್ತ ಹೋಗುತ್ತಿದೆ. ಬಿ ನೆಗೆಟಿವ್ ಬೇಕು. ಬೆಳಿಗ್ಗೆಯಿಂದ ನೋಡುತ್ತಿದ್ದೇವೆ, ನಿಮ್ಮ ಪುಟ ಬಂದ್ ಇತ್ತು.' ಕೆಳಗೆ ಆಸ್ಪತ್ರೆಯ ವಾರ್ಡು, ಹಾಸಿಗೆಯ ನಂಬರು.

ತಿಮ್ಮರಾಜುವಿನ ಮುಖ ಬಿಳಿಚಿಕೊಂಡಿತು. ಸುನಿತಾ ಆಗಲೇ ಪಟ್ಟಿ ತೆರೆದಿದ್ದಳು. ಬಿ ನೆಗೆಟಿವ್, ಮೂವರು. ಹೇಮಗಿರಿಯವರು ಹೋದ ತಿಂಗಳಷ್ಟೇ ಕೊಟ್ಟಿದ್ದಾರೆ, ಇಷ್ಟು ಬೇಗ ಮತ್ತೆ ಕೊಡುವಂತಿಲ್ಲ. ನಾಗಮಂಗಲದ ಮೇಷ್ಟರು ಮೈಸೂರು ತಲುಪಲು ಎರಡೂವರೆ ಗಂಟೆ ಬೇಕು. ಮೂರನೆಯದು, ನಲವತ್ತೊಂದನೇ ನಂಬರು, ಶ್ರೀರಂಗಪಟ್ಟಣದ...

ಅವಳು ತಲೆಯೆತ್ತಿದಳು. ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

"ಊಟ ಮಾಡಿದೀರಾ?"

"ಪುರಿ ತಿಂದಿದೀನಿ."

"ಅದು ಸಾಲ್ದು. ದಾರೀಲಿ ನಾಲ್ಕು ಇಡ್ಲಿ ತಿಂದೇ ಹೋಗಿ. ತಲೆ ಸುತ್ತಿ ಬಿದ್ರೆ ಯಾರು ನೋಡ್ತಾರೆ?" ಅಂದಳು. ಅಂದ ಮೇಲೆ ತನ್ನ ದನಿಯಲ್ಲಿದ್ದ ಅಧಿಕಾರಕ್ಕೆ ತಾನೇ ಬೆಚ್ಚಿದಳು.

"ಸೈಟು? ಇನ್ನೂ ಎರಡು ಸಾವಿರ ಕಸ ಅದೆ. ನಿಮ್ಮೊಬ್ಬರ ಕೈಲಿ..."

"ನಾನಿರ್ತೀನಿ. ನೀವು ಹೋಗಿ."

ಪುಟ್ಟಸ್ವಾಮಿ ಬಾಳೆಕಂದು ಕಟ್ಟಿದ್ದ ತಮ್ಮ ಮೊಪೆಡ್ಡಿನಲ್ಲೇ ಅವನನ್ನು ಬಸ್ಸಿಗೆ ಬಿಟ್ಟು ಬಂದರು.

ಆಮೇಲೆ ಅವಳು ಒಬ್ಬಳೇ. ಕಸದ ನಡುವೆ ನಿಜವಾದ ಸಂದೇಶಗಳೂ ಹೂತುಹೋಗಿದ್ದವು, ಆದ್ದರಿಂದ ಒಂದೊಂದನ್ನೂ ಓದಿಯೇ ಅಳಿಸಬೇಕಿತ್ತು. ಪುಟಕ್ಕೆ ಐವತ್ತು. ಎರಡು ಸಲ ಲೈನು ಕಡಿಯಿತು. ಮೂರು ಗಂಟೆಗೆ ಒಂಬೈನೂರು ಉಳಿದಿತ್ತು, ನಾಲ್ಕಕ್ಕೆ ನಾನೂರು. ಬೆರಳು ಮರಗಟ್ಟಿದವು, ಕಣ್ಣು ಉರಿಯಿತು. 'ತಲುಪಿದರಾ? ರಕ್ತ ಸಾಕಾಯಿತಾ? ಆ ಹುಡುಗಿ ಉಳಿದಳಾ?' ಅಣ್ಣನಿಗಾಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾದ ಆ ಮಧ್ಯಾಹ್ನ ಮತ್ತೆ ಎದುರಿಗೆ ಬಂದು ನಿಂತಿತ್ತು. ಅಂದು ಅವಳ ಕೈಗೆ ಯಾವ ಕೆಲಸವೂ ಇರಲಿಲ್ಲ.

ನಾಲ್ಕು ಮುಕ್ಕಾಲಿಗೆ ಕೊನೆಯ ಕಸ ಅಳಿಯಿತು.

ಐದು ನಿಮಿಷವಾಗಿರಲಿಲ್ಲ, ಹೊಸ ಸಂದೇಶವೊಂದು ಬಂದು ಕೂತಿತು. ಅಳಿಸಲು ಕೈ ಎತ್ತಿದವಳು ಓದಿ ಹಾಗೇ ಕುಳಿತುಬಿಟ್ಟಳು.

'ನೂರಿಪ್ಪತ್ನಾಲ್ಕು ಅಡಿ. ರಕ್ತ ಕೊಟ್ಟಾಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಇನ್ನು ಬರೆಯುವುದು ಕೆಲಸದ ವಿಷಯ ಅಲ್ಲ. ಪಾಂಡವಪುರಕ್ಕೆ ಯಾವಾಗ ಬರಲಿ?'

ಕಣ್ಣು ಮಂಜಾಯಿತು. ಅವಳು ಅತ್ತಳು, ಅಳುತ್ತಲೇ ನಕ್ಕಳು. ಪುಟ್ಟಸ್ವಾಮಿ ಏನೂ ಕೇಳದೆ ಪುರಿ ತಟ್ಟೆಯನ್ನು ಅವಳ ಕಡೆ ತಳ್ಳಿದರು.

ಐದೂ ಹತ್ತಕ್ಕೆ ಕಂಪನಿಯ ಇ-ಮೇಲು ಬಂತು. ಸೈಟು ಉಳಿದಿತ್ತು. ತಪ್ಪು ಉತ್ತರಗಳ ಎಣಿಕೆ ಆಗ ನಾಲ್ಕು ಸಾವಿರದ ಹತ್ತಿರ ಹೋಗಿತ್ತು, ಒಂದು ಬಾಟಿಗೂ ಕನ್ನಂಬಾಡಿ ಗೊತ್ತಿರಲಿಲ್ಲ.

ಆರು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಪಾಂಡವಪುರದ ಬಸ್ಸು ಹೊರಡಲು ನಿಂತಿತ್ತು. ಸುನಿತಾ ಹತ್ತಿರಲಿಲ್ಲ. ಮೈಸೂರಿನ ಬಸ್ಸಿನಿಂದ ತಿಮ್ಮರಾಜು ಇಳಿದ, ಮೊಣಕೈಯ ಒಳಗೆ ಹತ್ತಿ ಅಂಟಿಸಿತ್ತು. ಅವಳನ್ನು ಕಂಡು ನಡಿಗೆ ನಿಧಾನ ಮಾಡಿದ.

"ಇಡ್ಲಿ ತಿಂದ್ರಾ?"

"ಆರು ತಿಂದೆ." ಅವನು ಅವಳ ಮುಖ ನೋಡದೆ ಕೇಳಿದ, "ನಾನು ಬರೆದಿದ್ದು... ಐದು ಗಂಟೆಗೆ ಅವರು ನೋಡ್ತಾರಲ್ಲ, ಅಳಿಸಿಬಿಟ್ರಾ?"

"ಇವತ್ತು ಎರಡು ಸಾವಿರದ ಮುನ್ನೂರು ಅಳಿಸಿದೀನಿ," ಅಂದಳು ಸುನಿತಾ. "ಅದೊಂದನ್ನ ಅಳಿಸಲಿಲ್ಲ."

ಕಂಡಕ್ಟರ್ ಸೋಮಯ್ಯ ಸೀಟಿ ಊದಿದ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ನಾಳೆ ಹತ್ತು ಗಂಟೆ ಬಸ್ಸಿಗೆ ಬನ್ನಿ. ಅಮ್ಮ ಒಬ್ಬಟ್ಟು ಮಾಡ್ತಾರೆ, ಅಪ್ಪನೂ ಇರ್ತಾರೆ. ಆ ಫ್ಲಾಪಿ ಕುಂಕುಮ ನೀವೇ ಒರೆಸಿ ಕೊಡಿ. ಪಾಸ್‌ವರ್ಡು ಬಿಟ್ಟು ಅದ್ರಲ್ಲಿ ಇನ್ನೇನು ಬರೆದಿದ್ರಿ ಅಂತ ನಾನು ಓದ್ಬೇಕು."

"ಓದೋಕೆ ಬರದಂಗೆ ಕೆಟ್ಟೋಗಿದ್ರೆ?"

ಬಸ್ಸು ಮೆಲ್ಲಗೆ ಜರುಗಿತು. ಅವನು ಪಕ್ಕದಲ್ಲೇ ನಡೆದು ಬರುತ್ತಿದ್ದ. ಸುನಿತಾ ಕಿಟಕಿಯ ಸರಳಿಗೆ ಕೆನ್ನೆಯಿಟ್ಟು ಬಗ್ಗಿದಳು.

"ಬಾಯಲ್ಲೇ ಹೇಳಿ," ಅಂದಳು.