ನಾಲ್ಕು ಬಕೆಟ್ ಸಿಹಿನೀರು

ಎದುರಿಗೆ ಕಡಲು, ಬೆನ್ನಿಗೆ ಬೆಟ್ಟ, ನಡುವೆ ಎರಡು ಸಾವಿರ ವರ್ಷದ ಹಾಳು ಪಟ್ಟಣ! ಮೂರು ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸಲು ನಾನು ಪಟ್ಟಿ ಮಾಡಿಕೊಂಡು ಬಂದಿದ್ದೆ. ಆದರೆ ಸೋದರತ್ತೆ ಜೊತೆಗಿದ್ದರೆ ನನ್ನ ಪಟ್ಟಿಯನ್ನು ಕೇಳುವವರು ಯಾರು? ಎರಡನೆಯ ದಿನ ಬೆಳಿಗ್ಗೆ ನಾನು ಬೆಟ್ಟಕ್ಕೆಂದು ಬೂಟಿನ ದಾರ ಕಟ್ಟುತ್ತಿದ್ದಾಗ ವಸತಿಗೃಹದ ಒಡತಿ ಅಳುತ್ತಾ ಅತ್ತೆಯ ಬಳಿ ಬಂದರು.

"ಅಮ್ಮಾ, ಕಳ್ಳರನ್ನ ಹಿಡಿಯೋದ್ರಲ್ಲಿ ನಿಮ್ಮದು ಎತ್ತಿದ ಕೈ ಅಂತ ಕೇಳಿದೀನಿ. ನನ್ನ ತಮ್ಮನ್ನ ಉಳಿಸಿಕೊಡಿ!"

ಆಕೆಯ ತಮ್ಮ ಹಾಳು ಪಟ್ಟಣದ ಕಾವಲುಗಾರ. ಅಗೆತದಲ್ಲಿ ಸಿಕ್ಕ ಸುಟ್ಟ ಮಣ್ಣಿನ ಮುಖವಾಡ ರಾತ್ರಿ ಶೆಡ್ಡಿನಿಂದ ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ. ಇದ್ದದ್ದು ಎರಡೇ ಬೀಗದ ಕೈ: ಒಂದು ಕಾವಲುಗಾರನದು, ಇನ್ನೊಂದು ಅಗೆತದ ತಜ್ಞರದು. ಮುಖವಾಡವನ್ನು ಪತ್ತೆ ಮಾಡಿದವರೇ ಅವರು. ಅವರನ್ನು ಯಾರು ಅನುಮಾನಿಸುತ್ತಾರೆ?

"ಬೇಲೀನೇ ಎದ್ದು ಹೊಲ ಮೇಯ್ದಿದೆ. ಮಧ್ಯಾಹ್ನ ಇವನನ್ನ ಠಾಣೆಗೆ ಕರ್ಕೊಂಡು ಹೋಗ್ತೀನಿ" ಎಂದರು ಶೆಡ್ಡಿನ ಮುಂದೆ ನಿಂತಿದ್ದ ಇನ್ಸ್‌ಪೆಕ್ಟರ್. ವಸತಿಗೃಹದ ಪೆಟ್ಟಿಗೆ, ಹಾಸಿಗೆಗಳನ್ನೆಲ್ಲ ಆಗಲೇ ಜಾಲಾಡಿದ್ದರಂತೆ. ಇಪ್ಪತ್ತು ವರ್ಷ ಕಾದ ಜಾಗದಲ್ಲೇ ಕಾವಲುಗಾರ ತಲೆ ತಗ್ಗಿಸಿ ಕೂತಿದ್ದ.

ಒಳಗೆ, ಮುಖವಾಡವಿಟ್ಟಿದ್ದ ನೀರಿನ ತೊಟ್ಟಿಯ ಪಕ್ಕ ತಜ್ಞರು ನಿಂತಿದ್ದರು. ಅವರ ಕಿವಿಯ ಹಿಂದೆ ಒಣಗಿದ ಕೆಸರು, ಕೂದಲ ತುಂಬ ನಿನ್ನೆಯ ಧೂಳು.

"ಮುಖವಾಡಾನ ನೀರಲ್ಲಿ ಯಾಕೆ ಇಟ್ಟಿದ್ರಿ?" ಅತ್ತೆ ಕೇಳಿದರು.

"ಕಡಲಿನ ಉಪ್ಪು ಹೀರಿದೆಯಮ್ಮ. ಸಿಹಿನೀರಲ್ಲಿ ನೆನೆಸಿ ದಿನಾ ನೀರು ಬದಲಾಯಿಸಬೇಕು. ಹಾಗೇ ಒಣಗಿದ್ರೆ ಪುಡಿಪುಡಿ ಆಗುತ್ತೆ. ನಾಳೆ ರಾಜಧಾನಿಗೆ ಕಳಿಸೋದಿತ್ತು."

ವಾಪಸು ಬಂದಾಗ ಒಡತಿ ಕಣ್ಣೊರೆಸಿಕೊಳ್ಳುತ್ತಲೇ ಗೊಣಗಿದರು: "ಸ್ನಾನಕ್ಕೆ ಒಬ್ಬರಿಗೆ ಎರಡೇ ಬಕೆಟ್ ಅಮ್ಮಾ. ಇಲ್ಲಿ ಬಾವಿನೂ ಉಪ್ಪು, ಸಿಹಿನೀರು ಬೆಟ್ಟದಿಂದ ಬರಬೇಕು. ಮೇಲಿನ ಕೋಣೇಲಿರೋ ಆ ತಜ್ಞರೊಬ್ಬರೇ ಬೆಳಿಗ್ಗೆ ಸ್ನಾನಕ್ಕೆ ಅಂತ ನಾಲ್ಕು ಬಕೆಟ್ ಹೊತ್ತುಕೊಂಡು ಹೋದ್ರು!"

ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. "ಬೂಟು ಬಿಚ್ಚೋ. ಎಲ್ಲರನ್ನೂ ಊಟದ ಹಾಲ್‌ಗೆ ಕರಿ."

ಅತ್ತೆ ನಿಧಾನವಾಗಿ ಆರಂಭಿಸಿದರು.

"ಮಾರೋಕೆ ಕದ್ದವನಾಗಿದ್ರೆ ಬಟ್ಟೇಲಿ ಸುತ್ತಿ ಚೀಲದಲ್ಲಿ ಇಡ್ತಿದ್ದ, ಜಾಲಾಡಿದಾಗ ಸಿಕ್ಕಿಬೀಳ್ತಿದ್ದ. ಸಿಗಲಿಲ್ಲ. ಅಂದ್ರೆ ಕದ್ದವರಿಗೆ ಅದು ಒಣಗಬಾರದು ಅನ್ನೋ ಕಾಳಜಿ ಇತ್ತು. ಹಾಗಾದ್ರೆ ಅದು ಈಗಲೂ ಸಿಹಿನೀರಲ್ಲೇ ಇರಬೇಕು. ಇವತ್ತು ಯಾರು ಎರಡರಷ್ಟು ನೀರು ತಗೊಂಡೂ ಸ್ನಾನ ಮಾಡಿಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ತಜ್ಞರ ಕೈ ಕಿವಿಯ ಹಿಂದಕ್ಕೆ ಹೋಯಿತು! ಇನ್ಸ್‌ಪೆಕ್ಟರ್ ಮೆಟ್ಟಿಲು ಹಾರಿ ಅವರ ಬಚ್ಚಲಿಗೆ ಓಡಿದರು. "ಸಿಕ್ತು! ಮಣೆ ಮುಚ್ಚಿಟ್ಟ ಹಂಡೆಯಲ್ಲಿ!"

ತಜ್ಞರು ಕುರ್ಚಿಯಲ್ಲಿ ಕುಸಿದರು. "ಹನ್ನೊಂದು ವರ್ಷ ಅಗೆದೆ. ರಾಜಧಾನಿಯ ಮ್ಯೂಸಿಯಂನಲ್ಲಿ ಅದರ ಕೆಳಗೆ ಇನ್ಯಾರದ್ದೋ ಹೆಸರು ಬರೀತಿದ್ರು. ಕೊಡೋಕೆ ಮನಸ್ಸು ಬರಲಿಲ್ಲ."

ಕಾವಲುಗಾರ ಎದ್ದು ಅವರ ಮುಂದೆ ನಿಂತ.

"ಮಣ್ಣಿನ ಮುಖ ಒಣಗೀತು ಅಂತ ನಾಲ್ಕು ಬಕೆಟ್ ಹೊತ್ರಿ ಸಾರ್. ಬೆಳಿಗ್ಗೆಯಿಂದ ನಿಮ್ಮೆದುರೇ ಕೂತಿದ್ನಲ್ಲ, ನನ್ನ ಮುಖ ಒಂದ್ಸಲ ನೋಡಬೇಕು ಅನ್ನಿಸಲಿಲ್ವಾ?"

ತಜ್ಞರು ಆಗಲೂ ನೋಡಲಿಲ್ಲ.